ಹದಿಮೂರು ಮುಕ್ಕಾಲು ಕೇಜಿ ಕಬ್ಬು

ನಮ್ಮ ಗಣಿತದ ಮೇಷ್ಟ್ರು ಹೋಗಿಬಿಟ್ಟರು ಅಂತ ಗೊತ್ತಾದಾಗ ಮೊದಲು ನೆನಪಾಗಿದ್ದು ಕಬ್ಬು. ಅವರು ಮಾಡಿದ ಪಾಠ ಒಂದೂ ನೆನಪಿಲ್ಲ, ನಿಜ ಹೇಳಬೇಕಂದ್ರೆ.

1983, ಎಂಟನೇ ಕ್ಲಾಸು. ಮಂಡ್ಯದಲ್ಲಿ ಕಬ್ಬು ಅರೆಯುವ ಕಾಲ ಬಂತೆಂದರೆ ಮೈಶುಗರ್ ಕಡೆಗೆ ಎತ್ತಿನ ಗಾಡಿಗಳ ಸಾಲು, ಮಧ್ಯಾಹ್ನದ ಬೆಲ್ಲು ಹೊಡೆದ ತಕ್ಷಣ ಅದರ ಹಿಂದೆ ನಾವು. ಒಂದು ದಿನ ಗಾಡಿಯವನು ಸೀದಾ ಸ್ಕೂಲಿಗೇ ಬಂದ. ಬೆತ್ತದೇಟು ಗ್ಯಾರಂಟಿ ಅಂದುಕೊಂಡೆವು. ಮೇಷ್ಟ್ರು ಒಂದು ಜಲ್ಲೆಯನ್ನು ಎದುರಿನ ಅಂಗಡಿಯ ತಕ್ಕಡಿಗೆ ಹಾಕಿಸಿದರು. ಒಂದೂಕಾಲು ಕೇಜಿ. "ಹನ್ನೊಂದು ಕಿತ್ತಿದ್ದೀರಿ. ಒಟ್ಟು ಎಷ್ಟಾಯ್ತು?" ನಾನು ಬೋರ್ಡಿನ ಮೇಲೆ 137.5 ಅಂತ ಬರೆದೆ.

"ಅಷ್ಟು ಹೊತ್ಕಂಡು ಓಡಿದ್ಯೇನ್ಲಾ?"

ಗಾಡಿಯವನೂ ನಕ್ಕ, ನಾನೂ ನಕ್ಕೆ. ಚುಕ್ಕಿ ಎಲ್ಲಿಡಬೇಕು ಅಂತ ನಾನೇ ಕಂಡುಹಿಡಿಯುವ ತನಕ ಅವರು ಡಸ್ಟರ್ ಮುಟ್ಟಲಿಲ್ಲ. ಆಮೇಲೆ ಅಷ್ಟೂ ಕಬ್ಬಿನ ದುಡ್ಡು ನಮ್ಮಿಂದಲೇ ವಸೂಲಾಯಿತು, ಅದು ಬೇರೆ ಮಾತು. ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷ ಎಸ್ಟಿಮೇಟ್ ಬರೆದೆ, ಒಂದು ಚುಕ್ಕಿಯೂ ಆಚೀಚೆ ಆಗಲಿಲ್ಲ. ಹೇಳ್ಕೋಬಾರದು, ಆದರೂ ಹೇಳಿಬಿಟ್ಟೆ.

ಇನ್ನೊಬ್ಬ ಮೇಷ್ಟ್ರಿದ್ದರು, ಹೆಸರು ಬೇಡ. ಟೆಸ್ಟ್ ಪೇಪರನ್ನು ಕಡಿಮೆ ಮಾರ್ಕ್ಸಿನಿಂದ ಶುರು ಮಾಡಿ ಕೂಗಿ ಕೊಡುತ್ತಿದ್ದರು. ಅವರ ಕ್ಲಾಸಿನಲ್ಲಿ ನನಗಿದ್ದ ಗುರಿ ಒಂದೇ, ಮೊದಲ ಹೆಸರು ನನ್ನದಾಗಬಾರದು. ಆ ದಿನ ಬೆಳಗ್ಗೆ ಹೊಟ್ಟೆನೋವು ಸುಮ್ನೆ ಬರುತ್ತಿರಲಿಲ್ಲ, ನಿಜವಾಗಿಯೇ ಬರುತ್ತಿತ್ತು. ಎಷ್ಟು ಮಾರ್ಕ್ಸ್ ಬಂದರೂ ಖುಷಿಯಿಲ್ಲ, ಸದ್ಯ ಬಚಾವಾದೆ ಅಂತ ಅಷ್ಟೇ.

ಮಗಳು ಬಿ.ಎಡ್ ಓದುವಾಗ ಹೇಳಿದ್ದಳು. ಪೆಕ್ರುನ್, ಎಲಿಯಟ್, ಮೇಯರ್ ಅನ್ನೋ ಮೂವರು ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನೇ ಬರೆದಿದ್ದಾರಂತೆ. ಕಲಿಯಬೇಕು ಅಂತ ಕೂತವರಲ್ಲಿ ಖುಷಿ, ಭರವಸೆ ಜಾಸ್ತಿ, ಬೇಜಾರು ಕಮ್ಮಿ. ಬೇರೆಯವರಿಗಿಂತ ಹಿಂದೆ ಬೀಳಬಾರದು ಅಂತಷ್ಟೇ ಕೂತವರಲ್ಲಿ ಆತಂಕ, ನಾಚಿಕೆ. ಇನ್ನೊಬ್ಬರನ್ನು ಮೀರಿಸಬೇಕು ಅನ್ನುವವರಿಗೆ ಹೆಮ್ಮೆಯಾದರೂ ಸಿಗುತ್ತದಂತೆ. ನನಗೆ ಅದೂ ಸಿಗಲಿಲ್ಲ, ಆ ಮಾತು ಬಿಡಿ.

ಈಗ ಮೊಮ್ಮಗನ ಯೂನಿಟ್ ಟೆಸ್ಟ್ ಮಾರ್ಕ್ಸು ಇಡೀ ಕ್ಲಾಸಿನ ಅಪ್ಪ ಅಮ್ಮಂದಿರ ವಾಟ್ಸಾಪ್ ಗ್ರೂಪಿಗೆ ಬರುತ್ತದೆ, ರ‍್ಯಾಂಕ್ ಸಮೇತ. ಅವನಿಗೂ ಆ ದಿನ ಊಟ ಸೇರಲ್ಲ. ಒಂದನೇ ಕ್ಲಾಸು ಕಣ್ರೀ ಅವನು!

ಮೇಷ್ಟ್ರ ತಿಥಿಗೆ ಹಳೇ ಹುಡುಗರು ಏಳು ಜನ ಹೋಗಿದ್ದೆವು, ಎಲ್ಲರಿಗೂ ತಲೆ ನರೆತಿದೆ. ಫೋಟೋ ಮುಂದೆ ಎಡೆಯಿಟ್ಟಿದ್ದರು. ಪಕ್ಕದಲ್ಲಿ ನಾವೂ ಒಂದು ಜಲ್ಲೆ ಒರಗಿಸಿದೆವು. ಈ ಸಲ ಕಾಸು ಕೊಟ್ಟೇ ತಂದಿದ್ದು.