ಪಂಚಾಯ್ತಿ ಬೇಡ ಅಂದರೆ ವೈನ್ ಶಾಪ್ ನಿಲ್ಲುತ್ತಾ?

ನಾನು ಗ್ರಾಮ ಪಂಚಾಯ್ತಿ ಸದಸ್ಯೆಯಾಗಿದ್ದವಳು. ಸದಸ್ಯತ್ವ ಮುಗಿದು ವರ್ಷಗಳಾದರೂ ಅಕ್ಕಪಕ್ಕದ ಊರಿನ ಹೆಣ್ಣುಮಕ್ಕಳು ಈಗಲೂ ಕೇಳುತ್ತಾರೆ: "ಅಕ್ಕಾ, ನಮ್ಮೂರಿಗೆ ವೈನ್ ಶಾಪ್ ಬರ್ತಿದೆಯಂತೆ. ಪಂಚಾಯ್ತಿಯಲ್ಲಿ ಬೇಡ ಅಂತ ಠರಾವು ಮಾಡಿದರೆ ನಿಲ್ಲುತ್ತಾ?"

ಬರೀ ಠರಾವಿನಿಂದ ನಿಲ್ಲುವುದಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಕೊಡುವುದು ಸರ್ಕಾರ. ಫೈಲು ಓಡಾಡುವುದು ಅಬಕಾರಿ ಇಲಾಖೆ ಮತ್ತು ಜಿಲ್ಲಾಧಿಕಾರಿ ಕಚೇರಿಯ ನಡುವೆ. ಊರು ನಮ್ಮದು, ಕುಡಿದು ಬಂದವರ ಏಟು ತಿನ್ನುವವರೂ ನಾವೇ. ಆದರೆ ಕೊನೆಯ ಮಾತು ನಮ್ಮದಲ್ಲ. ಇದು ತಪ್ಪು ಅಂತಲೇ ನಾನು ಹೇಳುತ್ತೇನೆ.

ಆದರೂ ಠರಾವು ಮಾಡಿ. ಜೊತೆಗೆ ಒಂದು ಟೇಪು ಹಿಡಿದು ಹೊರಡಿ. 1967ರ ಲೈಸೆನ್ಸ್ ನಿಯಮಗಳಲ್ಲಿ ಐದನೆಯದನ್ನು ಓದಿ. ಶಾಲೆ, ದೇವಸ್ಥಾನ, ಆಸ್ಪತ್ರೆ, ಸರ್ಕಾರಿ ಕಚೇರಿಗಳಿಂದ 100 ಮೀಟರ್ ಒಳಗೆ ಲೈಸೆನ್ಸ್ ಕೊಡುವಂತಿಲ್ಲ. ಸ್ಥಳೀಯ ಸಂಸ್ಥೆಯ ಕಚೇರಿಯೂ ಆ ಪಟ್ಟಿಯಲ್ಲಿದೆ, ಅಂದರೆ ನಿಮ್ಮ ಪಂಚಾಯ್ತಿ ಕಟ್ಟಡವೂ ಲೆಕ್ಕಕ್ಕೆ ಬರುತ್ತದೆ! ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿರುವ ಕೇರಿಯಲ್ಲೂ ಕೊಡುವಂತಿಲ್ಲ. ಅಳತೆ ಹಿಡಿಯುವುದು ಜನ ಸಾಮಾನ್ಯವಾಗಿ ನಡೆದು ಹೋಗುವ ಹತ್ತಿರದ ದಾರಿಯಲ್ಲಿ. ನಮ್ಮೂರಿನ ನಕ್ಷೆಯಲ್ಲಿ ಬಂಡಿದಾರಿ ಸುತ್ತಿಸಿ 100 ದಾಟಿಸಿದ್ದರು. ಮಕ್ಕಳು ದಿನವೂ ನಡೆಯುವ ಕಾಲುದಾರಿಯಲ್ಲಿ ನಾವೇ ಅಳೆದೆವು. 90 ಕೂಡ ಆಗಲಿಲ್ಲ.

ಹೆದ್ದಾರಿ ಪಕ್ಕದ ಅಂಗಡಿಗೆ ಸುಪ್ರೀಂ ಕೋರ್ಟ್ 2016, 2017ರಲ್ಲಿ ಹೇಳಿದ ಅಳತೆ ಬೇರೆ: 500 ಮೀಟರ್. 20,000ದೊಳಗಿನ ಜನಸಂಖ್ಯೆಯ ಕಡೆ 220.

ಮಹಾರಾಷ್ಟ್ರದಲ್ಲಿ ದಾರಿ ಸ್ವಲ್ಪ ನೇರವಾಗಿದೆ. ಅಲ್ಲಿನ 2008ರ ಆದೇಶದ ಪ್ರಕಾರ ಊರಿನ ಶೇಕಡಾ 25ರಷ್ಟು ಮಹಿಳಾ ಮತದಾರರು ಸಹಿ ಹಾಕಿ ಕೇಳಿದರೆ ಗುಪ್ತ ಮತದಾನ ನಡೆಯುತ್ತದೆ. ಮತಪತ್ರದಲ್ಲಿ ನಿಂತ ಬಾಟಲಿ, ಮಲಗಿದ ಬಾಟಲಿ. ಅರ್ಧಕ್ಕಿಂತ ಜಾಸ್ತಿ ಮಹಿಳಾ ಮತದಾರರು ಮಲಗಿದ ಬಾಟಲಿಗೆ ಒತ್ತಿದರೆ ಅಂಗಡಿ ಬಂದ್. ಓದು ಬಾರದ ಅಜ್ಜಿಗೂ ಅರ್ಥವಾಗುತ್ತದೆ, ಅಲ್ವಾ? ನಮ್ಮಲ್ಲೂ 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಬಂದು ಮದ್ಯ ನಿಷೇಧ ಕೇಳಿದರು. ಸುಮಾರು 200 ಕಿಲೋಮೀಟರ್. ಸುಮ್ನೆ ಯಾರೂ ಅಷ್ಟು ದೂರ ನಡೆಯುವುದಿಲ್ಲ.

ಇನ್ನೊಂದು ಮಾತು. ಲೈಸೆನ್ಸ್ ವರ್ಷ ಜುಲೈ 1ರಿಂದ ಜೂನ್ 30. ಹಳೆಯ ಲೈಸೆನ್ಸನ್ನೇ ಬೇರೆ ಊರಿನಿಂದ ನಿಮ್ಮೂರಿಗೆ ಸ್ಥಳಾಂತರ ಮಾಡಿಸುವುದೂ ಉಂಟು. ಆದ್ದರಿಂದ ಮಳಿಗೆಗೆ ಶಟರ್ ಕೂರಿಸುವವರೆಗೆ ಕಾಯಬೇಡಿ. ಗುಸುಗುಸು ಕೇಳಿದ ವಾರವೇ ಠರಾವಿನ ನಕಲು, ಅಳತೆಯ ನಕ್ಷೆ, ಎಲ್ಲರ ಸಹಿ ಸೇರಿಸಿ ಜಿಲ್ಲಾಧಿಕಾರಿಗೂ ಅಬಕಾರಿ ಉಪ ಆಯುಕ್ತರಿಗೂ ಆಕ್ಷೇಪಣೆ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೇ ಬನ್ನಿ.