ಕಂದು ಬೂಟು, ಹಳದಿ ಗಿಟಾರು

ಅಣ್ಣನ ಮಗ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ನಮ್ಮ ಮನೆಗೆ ಬಂದಿದ್ದ. ಹನ್ನೆರಡು ದಿನ ಇದ್ದ. ಮೊದಲ ನಾಲ್ಕು ದಿನ ಅವನ ಬಾಯಿಂದ ಬಂದದ್ದು ‘ಹೂಂ’, ‘ಬೇಡ ಚಿಕ್ಕಪ್ಪ’, ‘ಚಾರ್ಜರ್ ಎಲ್ಲಿದೆ’, ಅಷ್ಟೇ. ಬ್ಯಾಗಿನ ಜೊತೆ ಒಂದು ಗಿಟಾರನ್ನೂ ಅರಸೀಕೆರೆಯಿಂದ ಹೊತ್ತು ತಂದಿದ್ದ. ಅದನ್ನು ಬಾರಿಸಿದ್ದನ್ನು ಮಾತ್ರ ನಾವ್ಯಾರೂ ಕೇಳಲಿಲ್ಲ. ರೂಮಿನ ಬಾಗಿಲು ಹಾಕಿಕೊಂಡು, ತಂತಿಯ ಕೆಳಗೆ ಕರ್ಚೀಫು ಮಡಚಿಟ್ಟು ಬಾರಿಸುತ್ತಿದ್ದ. ಸದ್ದು ಹೊರಗೆ ಬರಬಾರದು ಅಂತ. ನನ್ನ ಹೆಂಡತಿ ಕಸ ಗುಡಿಸಲು ಹೋದಾಗ ಕರ್ಚೀಫು ಅಲ್ಲೇ ಸಿಕ್ಕಿಕೊಂಡಿತ್ತು.

ಐದನೇ ದಿನ ರಾತ್ರಿ, ಕರೆಂಟು ಹೋಗಿ ಬಂದ ಮೇಲೆ, ‘ಚಿಕ್ಕಪ್ಪ, ಒಂದು ಸಿನಿಮಾ ಇದೆ, ನೋಡ್ತೀರಾ’ ಅಂದ. ಅವನಾಗಿ ಆಡಿದ ಮೊದಲ ಪೂರ್ತಿ ವಾಕ್ಯ ಅದು. ಬೇಡ ಅನ್ನೋಕಾಗುತ್ತಾ? ಮರುದಿನ ಬೆಳಿಗ್ಗೆ ಏಳಕ್ಕೆ ಮೀಟಿಂಗ್ ಇತ್ತು, ಆದರೂ ಕೂತೆ.

ಸಿನಿಮಾ ‘ಸಿಂಗ್ ಸ್ಟ್ರೀಟ್’. ಐರ್ಲೆಂಡಿನದು, 2016ರದು, ನಿರ್ದೇಶಕ ಜಾನ್ ಕಾರ್ನಿ. ಡಬ್ಲಿನ್ ಊರಿನಲ್ಲಿ ‘ಸಿಂಗ್ ಸ್ಟ್ರೀಟ್’ ಅಂತ ನಿಜವಾಗಿಯೂ ಒಂದು ಬೀದಿ ಇದೆ. ನಾಟಕಕಾರ ಬರ್ನಾರ್ಡ್ ಷಾ ಹುಟ್ಟಿದ್ದು ಅಲ್ಲೇ. ಆ ಬೀದಿಯ ಹೆಸರಿನ ಸ್ಪೆಲಿಂಗ್ ಬೇರೆ, ಉಚ್ಚಾರ ಮಾತ್ರ ‘ಹಾಡು’ ಅನ್ನೋ ಇಂಗ್ಲಿಷ್ ಪದದ್ದೇ. ಬೀದಿಯ ಹೆಸರಿನದೇ ಒಂದು ಶಾಲೆ, ಹುಡುಗರು ಆ ಹೆಸರನ್ನು ತಿರುಚಿ ತಮ್ಮ ಬ್ಯಾಂಡಿಗೆ ಇಟ್ಟುಕೊಳ್ಳುತ್ತಾರೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ಜೋಕು ಅಲ್ಲಿಗೇ ಸತ್ತುಹೋಗುತ್ತೆ. ಕಾರ್ನಿ ಓದಿದ್ದೂ ಅದೇ ಶಾಲೆಯಲ್ಲಂತೆ. ಆಮೇಲೆ ಅವರು ‘ದಿ ಫ್ರೇಮ್ಸ್’ ಅನ್ನೋ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಬಾರಿಸುತ್ತಿದ್ದರು.

ಕಥೆ 1985ರಲ್ಲಿ ನಡೆಯುತ್ತೆ. ಆಗ ಐರ್ಲೆಂಡಿನಲ್ಲಿ ಕೆಲಸವಿಲ್ಲ, ದುಡ್ಡಿಲ್ಲ. ಹರೆಯದವರೆಲ್ಲ ಹಡಗು ಹತ್ತಿ ಲಂಡನ್ನಿಗೆ ಹೋಗೋರೇ. ಹದಿನೈದು ವರ್ಷದ ಕಾನರ್‌ನ ಮನೆಯಲ್ಲೂ ದುಡ್ಡು ಖಾಲಿಯಾಗಿ, ಅವನನ್ನು ಒಳ್ಳೆಯ ಶಾಲೆಯಿಂದ ಬಿಡಿಸಿ ಈ ಕ್ರಿಶ್ಚಿಯನ್ ಬ್ರದರ್ಸ್ ಶಾಲೆಗೆ ಹಾಕುತ್ತಾರೆ. ಮೆತ್ತನೆ ಹುಡುಗ, ಕೆನ್ನೆ ಕೆಂಪಗೆ. ಮೊದಲ ದಿನವೇ ಹೆಡ್‌ಮಾಸ್ಟರು ಹಿಡಿಯುತ್ತಾರೆ: ನಿನ್ನ ಬೂಟು ಕಂದು, ಇಲ್ಲಿ ಕಪ್ಪೇ ಆಗಬೇಕು. ಹೊಸ ಬೂಟಿಗೆ ಮನೆಯಲ್ಲಿ ಕಾಸಿಲ್ಲ. ಹುಡುಗ ಕಾಲುಚೀಲದಲ್ಲೇ ಶಾಲೆಯೊಳಗೆ ಓಡಾಡುತ್ತಾನೆ, ಒದ್ದೆ ನೆಲದ ಮೇಲೆ.

ಇಲ್ಲಿ ನಾನು ಸ್ವಲ್ಪ ಹೊತ್ತು ಸಿನಿಮಾ ಬಿಟ್ಟು ಬೇರೆಲ್ಲೋ ಇದ್ದೆ. ನಮ್ಮ ಹೈಸ್ಕೂಲಲ್ಲಿ ಶನಿವಾರ ಬಿಳಿ ಯೂನಿಫಾರ್ಮು, ಬಿಳಿ ಕ್ಯಾನ್ವಾಸ್ ಶೂ. ಮನೆಯಲ್ಲಿ ಇದ್ದದ್ದು ಒಂದೇ ಜೊತೆ, ಅದೂ ಅಣ್ಣನದು. ಬಿಳಿ ಹೋಗಿ ಎಮ್ಮೆ ಬಣ್ಣಕ್ಕೆ ಬಂದಿತ್ತು, ತುದಿಗೆ ಹತ್ತಿ ತುರುಕಿಕೊಂಡು ಹಾಕಿಕೊಳ್ಳುತ್ತಿದ್ದೆ. ಶುಕ್ರವಾರ ಸಾಯಂಕಾಲ ಕ್ಲಾಸಿನ ಬೋರ್ಡಿನ ಕೆಳಗೆ ಬಿದ್ದ ಸೀಮೆಸುಣ್ಣದ ಚೂರು ಆರಿಸಿ ಜೇಬಿಗೆ ಹಾಕಿಕೊಳ್ಳೋದು, ಮನೆಗೆ ಬಂದು ಶೂ ಒದ್ದೆ ಮಾಡಿ ಉಜ್ಜೋದು. ಬೆಳಿಗ್ಗೆ ಪ್ರೇಯರಿಗೆ ನಿಂತಾಗ ಹಾಲಿನ ಹಾಗೆ ಹೊಳೆಯೋದು. ಡ್ರಿಲ್ ಶುರುವಾಗಿ ‘ಏಕ್ ದೋ’ ಅಂತ ಕಾಲು ಕುಟ್ಟಿದರೆ ಸುತ್ತ ಬಿಳಿ ಧೂಳು. ಪಿ.ಟಿ. ಮೇಷ್ಟ್ರು ನನ್ನ ಹತ್ತಿರ ಬಂದು ಕೆಮ್ಮೋರು. ಕೆಮ್ಮಿ ಸುಮ್ಮನೆ ಮುಂದೆ ಹೋಗೋರು. ಅವರು ಹೊಡೆದಿದ್ದರೆ ಅದನ್ನೂ ಮರೆಯುತ್ತಿದ್ದೆನೇನೋ.

ಶಾಲೆಯ ಎದುರು ಮನೆಯ ಮೆಟ್ಟಿಲ ಮೇಲೆ ಒಂದು ಹುಡುಗಿ ನಿಂತಿರುತ್ತಾಳೆ, ರಫೀನಾ. ಕಾನರ್ ಹೇಗೋ ಧೈರ್ಯ ಮಾಡಿ ರಸ್ತೆ ದಾಟುತ್ತಾನೆ. ತಾನು ಮಾಡೆಲ್ ಅಂತಾಳೆ. ಇವನು ಒಂದೇ ಉಸಿರಿಗೆ, ನಮ್ಮ ಬ್ಯಾಂಡಿನ ವಿಡಿಯೋದಲ್ಲಿ ನಟಿಸ್ತೀಯಾ ಅಂತ ಕೇಳಿಬಿಡುತ್ತಾನೆ. ಅವಳು ಫೋನ್ ನಂಬರ್ ಕೊಡುತ್ತಾಳೆ. ಇವನು ವಾಪಸು ರಸ್ತೆ ದಾಟಿ ಗೆಳೆಯನಿಗೆ ಹೇಳುವ ಮಾತು: ಈಗ ನಾವೊಂದು ಬ್ಯಾಂಡ್ ಕಟ್ಟಬೇಕು.

ನನ್ನ ಪಕ್ಕ ಕೂತಿದ್ದವನು ಇಲ್ಲಿ ನಕ್ಕ. ಈಗಾಗಲೇ ಹತ್ತು ಸಲ ನೋಡಿರಬೇಕು, ಸಿನಿಮಾ ನಗಿಸುವ ಅರ್ಧ ಸೆಕೆಂಡು ಮೊದಲೇ ನಗುತ್ತಿದ್ದ.

ಬ್ಯಾಂಡ್ ಕಟ್ಟುವ ಭಾಗವೆಲ್ಲ ಮಜವಾಗಿದೆ. ಈಮನ್ ಅಂತೊಬ್ಬ ಹುಡುಗ, ಮನೆ ತುಂಬ ವಾದ್ಯ, ಎಲ್ಲವನ್ನೂ ಬಾರಿಸುತ್ತಾನೆ, ಜೊತೆಗೆ ಮೊಲದ ಹುಚ್ಚು. ಕಾನರ್ ಹೊತ್ತುಗೊತ್ತಿಲ್ಲದೆ ಅವನ ಬಾಗಿಲು ತಟ್ಟಿ ‘ಹಾಡು ಬರೆಯೋಣ್ವಾ’ ಅನ್ನುತ್ತಾನೆ, ಅವನು ಯಾವತ್ತೂ ಇಲ್ಲ ಅನ್ನೋದಿಲ್ಲ. ಗೆಳೆತನ ಅಂದರೆ ಇದು ಅಂತ ಯಾರೂ ಬಾಯಿಬಿಟ್ಟು ಹೇಳೋದಿಲ್ಲ, ಸದ್ಯ. ಮೊದಲ ವಿಡಿಯೋವನ್ನು ಒಂದು ಗಲ್ಲಿಯಲ್ಲಿ, ಸಿಕ್ಕಿದ ವೇಷ ಹಾಕಿಕೊಂಡು ಮಾಡುತ್ತಾರೆ. ನಮ್ಮೂರ ಸ್ಕೂಲ್ ಡೇ ಛದ್ಮವೇಷ ಇದಕ್ಕಿಂತ ಎಷ್ಟೋ ವಾಸಿ.

ತಕರಾರು ಇಲ್ಲದೇ ಇಲ್ಲ. ನಿನ್ನೆ ಮೊನ್ನೆ ಶುರುವಾದ ಬ್ಯಾಂಡಿನ ಹಾಡುಗಳು ಇಷ್ಟು ಚೆನ್ನಾಗಿರೋಕೆ ಸಾಧ್ಯವೇ ಇಲ್ಲ. ಹಾಡುಗಳ ಹಿಂದೆ ಇರೋದು ಗ್ಯಾರಿ ಕ್ಲಾರ್ಕ್, 80ರ ದಶಕದಲ್ಲಿ ‘ಡ್ಯಾನಿ ವಿಲ್ಸನ್’ ಬ್ಯಾಂಡಿನಲ್ಲಿ ಹಾಡುತ್ತಿದ್ದ ಪಳಗಿದ ಕೈ. ರಫೀನಾಳ ಕಷ್ಟಗಳನ್ನೂ ಸಿನಿಮಾ ಗಡಿಬಿಡಿಯಲ್ಲಿ ದಾಟಿಬಿಡುತ್ತೆ, ನಿಂತು ನೋಡೋದಿಲ್ಲ. ಆದರೆ ‘ಡ್ರೈವ್ ಇಟ್ ಲೈಕ್ ಯು ಸ್ಟೋಲ್ ಇಟ್’ ಹಾಡಿನ ದೃಶ್ಯಕ್ಕೆ ಎಲ್ಲ ತಕರಾರು ಮನ್ನಾ. ಶಾಲೆಯ ಹಾಲಿನಲ್ಲಿ ವಿಡಿಯೋ ಮಾಡಬೇಕು, ಬಂದಿರೋರು ಬೆರಳೆಣಿಕೆಯ ಮಕ್ಕಳು, ಕುಣಿಯೋಕೆ ಬಾರದವರು. ಕಾನರ್ ಕಣ್ಣೆದುರು ಮಾತ್ರ ಅದೇ ಹಾಲು ಅಮೆರಿಕನ್ ಸಿನಿಮಾದ ಪಾರ್ಟಿ ಆಗುತ್ತೆ. ಕಿತ್ತಾಡಿ ಬೇರೆಯಾಗುತ್ತಿರುವ ಅಪ್ಪ ಅಮ್ಮ ಕೈ ಹಿಡಿದು ಕುಣಿಯುತ್ತಾರೆ. ಆ ಹೆಡ್‌ಮಾಸ್ಟರೂ ಕುಣಿಯುತ್ತಾರೆ. ಕಾನರ್‌ನ ಅಣ್ಣ ಹೀರೋ ಥರ ಬರುತ್ತಾನೆ. ಹಾಡು ಮುಗಿದರೆ ಮತ್ತದೇ ಖಾಲಿ ಹಾಲು.

ಅಂದ ಹಾಗೆ ಅಪ್ಪ ಅಮ್ಮ ವಿಚ್ಛೇದನ ತಗೊಳ್ಳೋ ಹಾಗೂ ಇಲ್ಲ. ಐರ್ಲೆಂಡಿನ 1937ರ ಸಂವಿಧಾನದಲ್ಲೇ ಅದಕ್ಕೆ ನಿಷೇಧ ಇತ್ತು. 1986ರಲ್ಲಿ ಜನರ ಮತ ಕೇಳಿದರು, ಬೇಡ ಅಂದರು. 1995ರಲ್ಲಿ ಮತ್ತೆ ಕೇಳಿದಾಗ ‘ಬೇಕು’ ಅಂದವರು ಶೇ 50.28. ಸಂಜೆ ಹೊತ್ತು ಹಿತ್ತಲ ಮೆಟ್ಟಿಲ ಮೇಲೆ, ಇನ್ನೇನು ಜಾರಿಹೋಗುವ ಬಿಸಿಲಿಗೆ ಮುಖವೊಡ್ಡಿ ಆ ಅಮ್ಮ ಕೂತಿರುತ್ತಾಳೆ. ಮಕ್ಕಳು ಮೇಲಿನ ಕಿಟಕಿಯಿಂದ ಅವಳನ್ನು ನೋಡುತ್ತಿರುತ್ತಾರೆ. ಆ ಒಂದು ಶಾಟಿನಲ್ಲಿ ಇಡೀ ಮದುವೆ ಇದೆ.

ಈಗ ಅಣ್ಣನ ವಿಷಯ. ಇದನ್ನು ಬರೆಯೋಕೆ ಅಂತಲೇ ಕೂತದ್ದು, ಇಷ್ಟು ಹೊತ್ತು ಸುತ್ತಿ ಬಳಸಿ ಬರುತ್ತಿದ್ದೇನೆ.

ಕಾನರ್‌ಗೆ ಬ್ರೆಂಡನ್ ಅಂತ ಅಣ್ಣ. ಜ್ಯಾಕ್ ರೇನರ್ ಅನ್ನೋ ನಟ. ಕಾಲೇಜು ಬಿಟ್ಟಿದ್ದಾನೆ, ಮನೆಯಲ್ಲೇ ಬಿದ್ದಿರುತ್ತಾನೆ, ಸೇದುತ್ತಾನೆ, ರೂಮಿನ ತುಂಬ ಎಲ್‌ಪಿ ರೆಕಾರ್ಡು. ತಮ್ಮನ ಬ್ಯಾಂಡು ಬೇರೆಯವರ ಹಾಡನ್ನು ಬಾರಿಸಿದ್ದು ಕೇಳಿ ಬಾಯಿಗೆ ಬಂದಂತೆ ಬೈಯುತ್ತಾನೆ. ಬೇರೆಯವರ ಹಾಡು ಯಾಕೆ, ನಿಂದೇ ಬರಿ, ಜನ ನಗಲಿ ಬಿಡು ಅನ್ನುತ್ತಾನೆ. ತಟ್ಟೆ ಹಾಕಿ ಕೇಳಿಸುತ್ತಾನೆ: ಡ್ಯುರಾನ್ ಡ್ಯುರಾನ್, ಜೋ ಜ್ಯಾಕ್ಸನ್, ದಿ ಕ್ಯೂರ್. ಕೇಳಿಸಿದ್ದಕ್ಕೆ ತಕ್ಕಂತೆ ಮರುದಿನ ತಮ್ಮನ ಕೂದಲು, ಕೋಟು, ಕಣ್ಣಿನ ಕಾಡಿಗೆ ಎಲ್ಲ ಬದಲು. ಪಾಠ ಹೇಳುವ ಬ್ರೆಂಡನ್ ಸ್ವತಃ ಎಲ್ಲೂ ಹೋಗೋದಿಲ್ಲ. ಒಂದು ದಿನ ಅವನ ಸಿಟ್ಟು ಸಿಡಿಯುತ್ತೆ. ಈ ಮನೆಯೆಂಬ ಕಾಡಿನಲ್ಲಿ ಮೊದಲು ದಾರಿ ಕಡಿದವನು ನಾನು, ನೀನು ನನ್ನ ಹಿಂದೆ ಸಲೀಸಾಗಿ ಬಂದೆ ಅನ್ನುವ ಅರ್ಥದಲ್ಲಿ ಕೂಗಾಡುತ್ತಾನೆ. ತಮ್ಮನಿಗೆ ಮಾತು ಹೊರಡುವುದಿಲ್ಲ.

ಸೋಫಾದಲ್ಲಿ ನನಗೂ ಹೊರಡಲಿಲ್ಲ.

ನನ್ನ ಅಣ್ಣ ನನಗಿಂತ ಏಳು ವರ್ಷ ದೊಡ್ಡವನು. 1991ರ ಸುಮಾರಿಗೆ ಎಲ್ಲಿಂದಲೋ ಒಂದು ಹಳೇ ಗಿಟಾರ್ ತಂದಿದ್ದ. ಮಾವಿನಹಣ್ಣಿನ ಹಳದಿ, ಹಿಂಭಾಗ ಸೀಳು ಬಿಟ್ಟಿತ್ತು, ಅದಕ್ಕೆ ಮೈದಾ ಅಂಟು, ನ್ಯೂಸ್‌ಪೇಪರು. ಅಪ್ಪ ರೈಲ್ವೆಯವರು, ಆ ಕಾಲದ ಅಪ್ಪಂದಿರು ಹೇಗೋ ಹಾಗೆ. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಅಣ್ಣ ಬಾರಿಸುತ್ತಿದ್ದ. ನಮ್ಮ ಕಡೆ ರಾಕ್ ಅಂದರೆ ಅದೇ: 1981ರ ‘ಗೀತಾ’ ಚಿತ್ರದ್ದು, ಶಂಕರ್‌ನಾಗ್ ಗಿಟಾರ್ ಹಿಡಿದು ಕುಣಿದ ‘ಸಂತೋಷಕ್ಕೆ’. ಎಸ್ಪಿಬಿ ದನಿ, ಇಳಯರಾಜ ಸಂಗೀತ. ಯಾವ ಆರ್ಕೆಸ್ಟ್ರಾವೂ ಅದನ್ನು ಬಾರಿಸದೆ ಮೈಕು ಕಟ್ಟುತ್ತಿರಲಿಲ್ಲ. ಬ್ರೆಂಡನ್ ಕೇಳಿದ್ದರೆ ಬೈಯುತ್ತಿದ್ದ, ಪೂರ್ತಿ ಬೇರೆಯವರ ಹಾಡು. ಅವನಿಗೇನು ಗೊತ್ತು, ಪೆಂಡಾಲಿನ ಹಿಂದಿನ ಸಾಲಿನಿಂದ ಅದನ್ನೇ ಮೂರು ಸಲ ‘ಒನ್ಸ್ ಮೋರ್’ ಕೂಗಿಸಿಕೊಳ್ಳೋ ಸುಖ.

ಭಾನುವಾರ ಅಪ್ಪ ಡ್ಯೂಟಿಗೆ ಹೋದ ಮೇಲೆ ಅಣ್ಣ ನನ್ನನ್ನು ಟೇಪ್‌ರೆಕಾರ್ಡರ್ ಎದುರು ಕೂರಿಸೋನು. ‘ಜೊತೆಯಲಿ ಜೊತೆಜೊತೆಯಲಿ’ ಹಾಕಿ, ಅಂಗೈ ಸ್ಪೀಕರ್ ಮೇಲಿಡು ಅನ್ನೋನು. ‘ದನಿ ಕೇಳಬೇಡ. ಕೆಳಗೆ ಒಬ್ಬ ನಡ್ಕೊಂಡ್ ಹೋಗ್ತಾ ಇದಾನೆ, ಅವನ್ನ ಹಿಡಿ.’ ಬೇಸ್ ಗಿಟಾರು. ಮೊದಮೊದಲು ಏನೂ ಸಿಗುತ್ತಿರಲಿಲ್ಲ. ಒಂದು ದಿನ ಅಂಗೈಗೆ ಅವನ ಹೆಜ್ಜೆ ತಾಗಿತು, ದುಪ್ ದುಪ್ ಅಂತ. ಇವತ್ತಿಗೂ ಯಾವ ಹಾಡು ಕೇಳಿದರೂ ಮೊದಲು ಕೆಳಗೆ ನಡೆಯುವವನನ್ನೇ ಹುಡುಕುತ್ತೇನೆ. ಅದೊಂದನ್ನು ಬಿಟ್ಟರೆ ಸಂಗೀತ ನನಗೆ ಬರಲಿಲ್ಲ.

ಬೆಂಗಳೂರಿನ ಒಂದು ಆರ್ಕೆಸ್ಟ್ರಾದವರು ಬಾ ಅಂದಿದ್ದರು. ಅದೇ ವರ್ಷ ಅಪ್ಪನಿಗೆ ಪಾರ್ಶ್ವವಾಯು. ಅಣ್ಣ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯಲು ಹೋದ. ಈಗಲೂ ಬರೆಯುತ್ತಾನೆ, ಕಂಪ್ಯೂಟರಿನಲ್ಲಿ. ಹಳದಿ ಗಿಟಾರು ಅಟ್ಟಕ್ಕೆ ಹೋಯಿತು. ಆಮೇಲೆ ಅಟ್ಟದಿಂದಲೂ ಎಲ್ಲಿಗೋ ಹೋಯಿತು, ನಾನು ಕೇಳಲಿಲ್ಲ. ನಾನು ಬೆಂಗಳೂರಿಗೆ ಬಂದು ಓದಿದ್ದು ಆ ಮಂಡಿಯ ಸಂಬಳದಲ್ಲಿ. ಬಸ್ಸು ಹತ್ತಿಸಲು ಬಂದಾಗ ಕಿಟಕಿಯಿಂದ ಒಂದು ಪೊಟ್ಟಣ ಕಡ್ಲೆಕಾಯಿ ಕೊಟ್ಟು, ಬಸ್ಸು ಬಿಡುವ ಮುಂಚೆಯೇ ಹಿಂದಿರುಗಿ ನಡೆದುಬಿಟ್ಟಿದ್ದ. ಏನಪ್ಪಾ ಇವನು, ಒಂದು ಸಲ ಕೈ ಕೂಡ ಬೀಸಲಿಲ್ಲ ಅಂತ ತಿಪಟೂರು ದಾಟೋವರೆಗೆ ನನಗೆ ಸಿಟ್ಟು.

ಸಿನಿಮಾದ ಕೊನೆಯಲ್ಲಿ ಬ್ರೆಂಡನ್ ತಮ್ಮನನ್ನೂ ಹುಡುಗಿಯನ್ನೂ ಕಾರಿನಲ್ಲಿ ಕಡಲ ದಂಡೆಗೆ ಬಿಡುತ್ತಾನೆ. ಅಜ್ಜನ ಪುಟ್ಟ ಮೋಟಾರು ದೋಣಿ, ಎದುರಿಗೆ ಐರಿಷ್ ಸಮುದ್ರ, ಆಚೆ ದಡ ಸುಮಾರು 100 ಕಿಲೋಮೀಟರು. ಮಳೆ, ಅಲೆ, ದೊಡ್ಡ ಹಡಗಿನ ಹಿಂದೆ ಹಿಂದೆ ಈ ಡಬ್ಬಿ. ಬದುಕುಳಿದರೋ ಇಲ್ಲವೋ ಅಂತ ಲೆಕ್ಕ ಹಾಕೋರು ಹಾಕಲಿ. ನಾನು ನೋಡಿದ್ದು ದಂಡೆಯ ಮೇಲೆ ಉಳಿದವನನ್ನು. ದೋಣಿ ಹೊರಟಿತು ಅನ್ನೋದು ಖಾತ್ರಿಯಾದ ಮೇಲೆ ಅವನು ಗಾಳಿಗೆ ಮುಷ್ಟಿ ಗುದ್ದಿ ಕುಣಿಯುತ್ತಾನೆ, ತಾನೇ ಹೋದಷ್ಟು ಖುಷಿಯಲ್ಲಿ. ಪರದೆ ಕಪ್ಪಾಗಿ ಒಂದು ಸಾಲು ಬರುತ್ತೆ, ಈ ಸಿನಿಮಾ ಲೋಕದ ಅಣ್ಣತಮ್ಮಂದಿರಿಗೆ ಅಂತ.

ಲೈಟು ಹಾಕಬೇಡ ಅಂದೆ ಹುಡುಗನಿಗೆ. ‘ಯಾಕೆ ಚಿಕ್ಕಪ್ಪ’ ಅಂದ. ಏನಾದರೂ ಹೇಳಬೇಕಲ್ಲ, ‘ನಿಮ್ಮಪ್ಪನೂ ಗಿಟಾರ್ ಬಾರಿಸ್ತಿದ್ದ ಕಣೋ’ ಅಂದುಬಿಟ್ಟೆ.

ಅವನಿಗೆ ಗೊತ್ತೇ ಇರಲಿಲ್ಲ. ಹದಿನಾರು ವರ್ಷ ಒಂದೇ ಸೂರಿನಡಿ ಇದ್ದೂ ಗೊತ್ತಿರಲಿಲ್ಲ. ಒಂದೂವರೆಯವರೆಗೆ ಕೂರಿಸಿಕೊಂಡು ಕೇಳಿದ: ಯಾವ ಬಣ್ಣ, ಯಾವ ಹಾಡು, ಎಡಗೈನೋ ಬಲಗೈನೋ, ಯಾಕೆ ಬಿಟ್ಟರು. ಕೊನೇ ಪ್ರಶ್ನೆಗೆ ನಾನು ಆಕಳಿಸಿದೆ. ಮೀಟಿಂಗಿಗೆ ಅರ್ಧ ಗಂಟೆ ತಡ.

ಎರಡು ದಿನ ಬಿಟ್ಟು ಅಣ್ಣನ ಫೋನು. ‘ಅದನ್ನೆಲ್ಲ ಯಾಕೆ ಹೇಳೋಕ್ ಹೋದೆ? ಮೊದಲೇ ಅವನ ತಲೇಲಿ ಓದೋದು ಬಿಟ್ಟು ಬೇರೆಲ್ಲ ಇದೆ.’ ದನಿ ನಿಜವಾಗಿಯೂ ಬಿಗಿದಿತ್ತು. ಕ್ಷಮಿಸು ಅನ್ನೋ ಅಭ್ಯಾಸ ನಮ್ಮಲ್ಲಿಲ್ಲ. ‘ಅತ್ತಿಗೆ ಕಾಲು ನೋವು ಹೇಗಿದೆ’ ಅಂದೆ.

ಹುಡುಗ ಊರಿಗೆ ಹೋದ. ಕಳೆದ ಭಾನುವಾರ ಮೆಸೇಜು ಮಾಡಿದ್ದ, ಕರ್ಚೀಫು ನಿಮ್ಮನೇಲೇ ಮರೆತು ಬಂದೆ ಅಂತ. ಅದರ ಕೆಳಗೆ ಇನ್ನೊಂದು. ಅವನು ಹಜಾರದಲ್ಲಿ ಕೂತು ಬಾರಿಸುತ್ತಿದ್ದನಂತೆ. ಅಪ್ಪ ಮಂಡಿಯಿಂದ ಬಂದು, ಚಪ್ಪಲಿ ಬಿಟ್ಟು, ಇವನ ಕಡೆ ತಿರುಗಿಯೂ ನೋಡದೆ ಒಳಗೆ ಹೋಗುತ್ತಾ ಅಂದರಂತೆ: ‘ಮೂರನೇ ತಂತಿ ಇಳಿದಿದೆ. ಏರಿಸ್ಕೊ.’