ಎಲ್ಲವೂ ಉಚಿತವಾಗಿ ಸಿಕ್ಕರೂ ಬಾಲಮಂದಿರದ ಮಕ್ಕಳು ಓದಿನಲ್ಲಿ ಏಕೆ ಹಿಂದುಳಿಯುತ್ತಾರೆ?

ರಾಯಚೂರು ಜಿಲ್ಲೆಯ ಬಾಲಮಂದಿರವೊಂದರಲ್ಲಿ ನಾನು ಸಂಜೆ ಹೊತ್ತು ಮಕ್ಕಳಿಗೆ ಕನ್ನಡ ಮತ್ತು ಗಣಿತ ಹೇಳಿಕೊಡುತ್ತೇನೆ ಎಂದು ತಿಳಿದವರು ತಪ್ಪದೆ ಕೇಳುವ ಪ್ರಶ್ನೆ ಇದು: ಊಟ, ಬಟ್ಟೆ, ಪುಸ್ತಕ, ವಸತಿ ಎಲ್ಲವನ್ನೂ ಸರ್ಕಾರವೇ ಕೊಡುತ್ತದೆ, ಹೊಲದ ಕೆಲಸವೂ ಇಲ್ಲ, ಹಾಗಿದ್ದೂ ಈ ಮಕ್ಕಳು ಓದಿನಲ್ಲಿ ಏಕೆ ಹಿಂದೆ? ಇವರ ಓದು ಮತ್ತೆ ಮತ್ತೆ ತುಂಡಾಗಿರುತ್ತದೆ, ಆ ತುಂಡುಗಳನ್ನು ಜೋಡಿಸಿ ನೋಡುವವರು ಯಾರೂ ಇರುವುದಿಲ್ಲ ಎಂಬುದೇ ನನ್ನ ಉತ್ತರ.

ಬಾಲಮಂದಿರದಲ್ಲಿರುವವರೆಲ್ಲ ಅನಾಥರು ಎಂದು ಬಹಳ ಜನ ತಿಳಿದಿದ್ದಾರೆ, ಅದು ಹಾಗಲ್ಲ. 2015ರ ಬಾಲನ್ಯಾಯ ಕಾಯ್ದೆಯು ಪಾಲನೆ ಮತ್ತು ರಕ್ಷಣೆ ಅಗತ್ಯವಿರುವವರೆಂದು ಗುರುತಿಸುವ ಮಕ್ಕಳಲ್ಲಿ ದುಡಿಮೆಯಿಂದ ಬಿಡಿಸಿ ತಂದವರು, ಬಾಲ್ಯವಿವಾಹದ ಅಪಾಯದಲ್ಲಿದ್ದವರು, ತಂದೆತಾಯಿ ಇದ್ದೂ ಅವರಿಂದ ಸಾಕಲಾಗದವರು ಸೇರಿದ್ದಾರೆ. ನಮ್ಮ ಕಡೆ ದೇವದುರ್ಗ, ಲಿಂಗಸುಗೂರು ತಾಲ್ಲೂಕುಗಳ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋದರೆ ಮಕ್ಕಳೂ ಕಟ್ಟಡ ಕೆಲಸದ ಶೆಡ್ಡಿಗೆ ಹೋಗುತ್ತಾರೆ. ಊರಲ್ಲೇ ಉಳಿದರೆ ಹತ್ತಿ ಮತ್ತು ಮೆಣಸಿನಕಾಯಿ ಬಿಡಿಸುವ ತಿಂಗಳುಗಳಲ್ಲಿ ಹಾಜರಿ ಪುಸ್ತಕದಲ್ಲಿ ಅವರ ಸಾಲು ಖಾಲಿ ಇರುತ್ತದೆ. ಆಮೇಲೆ, ಮಗು ಎಲ್ಲಿರಬೇಕೆಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಿ, ಬಾಲಮಂದಿರ, ಹೊಸ ಶಾಲೆ. ಕೆಲವರಿಗೆ ಮನೆಗೆ ವಾಪಸು, ಮತ್ತೆ ಗುಳೆ, ಮತ್ತೆ ಬಾಲಮಂದಿರ. ಮನೆಮಾತು ತೆಲುಗು, ಉರ್ದು ಅಥವಾ ಲಂಬಾಣಿ ಆಗಿದ್ದರೆ ಕಷ್ಟ ಇನ್ನೂ ಹೆಚ್ಚು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು, ಜೊತೆಗೆ ಸರಿಗಟ್ಟಿಕೊಳ್ಳಲು ವಿಶೇಷ ತರಬೇತಿಯನ್ನೂ ಕೊಡಬೇಕು. ಸೇರಿಸುವುದು ಒಂದೇ ದಿನದಲ್ಲಿ ಆಗಿಹೋಗುತ್ತದೆ. ತರಬೇತಿ ಎಷ್ಟೋ ಸಲ ಕಾಗದದಲ್ಲೇ ಉಳಿಯುತ್ತದೆ.

ಇದರ ಪರಿಣಾಮ ಏನೆಂಬುದು ಮಗುವಿನ ಪಕ್ಕದಲ್ಲಿ ಕುಳಿತಾಗಲೇ ತಿಳಿಯುವುದು. ಆರನೇ ತರಗತಿಯ ಒಬ್ಬ ಹುಡುಗಿಯ ವಿಜ್ಞಾನದ ನೋಟ್‌ಬುಕ್ ನೋಡಿದರೆ ಯಾರಾದರೂ ಮೆಚ್ಚಬೇಕು. ಅಕ್ಷರ ದುಂಡಗೆ, ಶೀರ್ಷಿಕೆಗೆ ಕೆಂಪು ಗೆರೆ, ಒಂದು ಒತ್ತಕ್ಷರವೂ ತಪ್ಪಿಲ್ಲ. ಅದೇ ಪುಟದ ಮೊದಲ ಸಾಲನ್ನು ಓದು ಎಂದರೆ ಅವಳು ತಲೆ ತಗ್ಗಿಸುತ್ತಿದ್ದಳು. ಕರಿಹಲಗೆಯ ಮೇಲಿದ್ದುದನ್ನು ಚಿತ್ರದಂತೆ ನಕಲು ಮಾಡುವುದನ್ನು ಅವಳು ಕಲಿತಿದ್ದಳು, ಓದುವುದನ್ನಲ್ಲ. ಬಿಡಿ ಅಕ್ಷರ ಬರುತ್ತಿತ್ತು, ಕಾಗುಣಿತ ಅರ್ಧ ಬರುತ್ತಿತ್ತು, ಒತ್ತಕ್ಷರವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಒಂದರಿಂದ ಮೂರನೇ ತರಗತಿಯವರೆಗೆ ನಲಿಕಲಿಯಲ್ಲಿ ಮಕ್ಕಳು ಕಾರ್ಡು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇದನ್ನೆಲ್ಲ ಕಲಿಯುವ ಹೊತ್ತಿನಲ್ಲಿ ಅವಳು ಅಪ್ಪ ಅಮ್ಮನೊಂದಿಗೆ ಊರೂರು ತಿರುಗುತ್ತಿದ್ದಳು. ಆದರೆ ಇಷ್ಟು ಕಿಲೋ ಮೆಣಸಿನಕಾಯಿ ಬಿಡಿಸಿದರೆ ಕೂಲಿ ಎಷ್ಟು ಎಂದು ಕೇಳಿದರೆ ಬಾಯಿಲೆಕ್ಕದಲ್ಲಿ ತಟ್ಟನೆ ಹೇಳುತ್ತಿದ್ದಳು. ಅದೇ ಲೆಕ್ಕ ಕಾಗದದ ಮೇಲೆ ಬಂದರೆ ಕೈ ನಿಲ್ಲುತ್ತಿತ್ತು. ಇಂತಹ ಮಗುವನ್ನು ದಡ್ಡಿ ಎಂದು ಕರೆಯುವುದನ್ನು ಕೇಳಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಕಾಗುಣಿತದಿಂದ ಮತ್ತೆ ಶುರುಮಾಡಿದ ಮೇಲೆ, ಆ ಶೈಕ್ಷಣಿಕ ವರ್ಷ ಮುಗಿಯುವುದರೊಳಗೆ, ಅವಳು ತನ್ನ ನೋಟ್‌ಬುಕ್ಕನ್ನು ತಾನೇ ಓದತೊಡಗಿದಳು.

ಮನೆಯಲ್ಲಿ ಬೆಳೆಯುವ ಮಗು ಎಲ್ಲಿ ಎಡವುತ್ತಿದೆ ಎಂಬುದನ್ನು ತಾಯಿಯೋ ಅಕ್ಕನೋ ನೆನಪಿಟ್ಟಿರುತ್ತಾರೆ. ಬಾಲಮಂದಿರದಲ್ಲಿ ಅಧೀಕ್ಷಕರು, ಪಾಳಿಯ ಮೇಲೆ ಬರುವ ಪಾಲಕಿಯರು, ಆಪ್ತಸಮಾಲೋಚಕರು, ಶಾಲೆಯ ಮುಖ್ಯಗುರುಗಳು, ಸಮಿತಿಯ ಸದಸ್ಯರು ಹೀಗೆ ಹಲವರ ಕೈಯಲ್ಲಿ ಒಂದೊಂದು ಭಾಗ ಹಂಚಿಹೋಗಿರುತ್ತದೆ. ಬಾಲನ್ಯಾಯ ಕಾಯ್ದೆಯಂತೆ ಪ್ರತಿ ಮಗುವಿಗೂ ವೈಯಕ್ತಿಕ ಪಾಲನಾ ಯೋಜನೆ ಬರೆಯಬೇಕು. ಅದರ ಶಿಕ್ಷಣದ ಭಾಗದಲ್ಲಿ ‘6ನೇ ತರಗತಿ ಓದುತ್ತಿದ್ದಾಳೆ’ ಎಂದಷ್ಟೇ ಬರೆದರೆ ಏನೂ ಬರೆಯದಂತೆಯೇ ಸರಿ. ಮನೆಮಾತು ಯಾವುದು, ಯಾವ ವರ್ಷಗಳು ತಪ್ಪಿಹೋಗಿವೆ, ಓದು ಎಲ್ಲಿ ನಿಲ್ಲುತ್ತದೆ ಎಂಬುದು ಅಲ್ಲಿರಬೇಕು, ಮಗು ಶಾಲೆ ಬದಲಿಸಿದರೆ ಆ ಹಾಳೆಯೂ ಜೊತೆಗೆ ಹೋಗಬೇಕು. ಇಂಗ್ಲೆಂಡಿನಲ್ಲಿ 2014ರ ಕಾನೂನು ಪ್ರತಿ ಸ್ಥಳೀಯ ಆಡಳಿತವೂ ತನ್ನ ಆರೈಕೆಯಲ್ಲಿರುವ ಮಕ್ಕಳ ಓದಿನ ಹೊಣೆಗೆಂದೇ ಒಬ್ಬ ಅಧಿಕಾರಿಯನ್ನು ನೇಮಿಸುವುದನ್ನು ಕಡ್ಡಾಯ ಮಾಡಿತು. ನಮ್ಮ ಜಿಲ್ಲೆಗಳಿಗೂ ಅಂತಹ ಒಬ್ಬರು ಬೇಕು.

ಕಳೆದುಹೋದ ವರ್ಷಗಳು ಕೊನೆಯಲ್ಲಿ ಇನ್ನೊಂದು ಪೆಟ್ಟು ಕೊಡುತ್ತವೆ. ತಡವಾಗಿ ಶಾಲೆ ಸೇರಿದ ಮಗುವಿಗೆ ಎಸ್ಸೆಸ್ಸೆಲ್ಸಿಯಲ್ಲೋ ಮೊದಲ ಪಿಯುಸಿಯಲ್ಲೋ 18 ತುಂಬುತ್ತದೆ, ಬಾಲಮಂದಿರ ಬಿಡುವ ಸಮಯ ಬರುತ್ತದೆ. 21 ವರ್ಷದವರೆಗೆ ಅನುಪಾಲನೆಗೆ, ಅಂದರೆ ಬಾಲಮಂದಿರ ಬಿಟ್ಟ ಮೇಲಿನ ನೆರವಿಗೆ, ಬಾಲನ್ಯಾಯ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಅದರ ಕಾಗದಪತ್ರಗಳ ಕೆಲಸ 17ರಲ್ಲೇ ಆರಂಭವಾಗದಿದ್ದರೆ ಪರೀಕ್ಷೆಯ ಹೊತ್ತಿಗೆ ಮಗು ಬಾಡಿಗೆ ಕೋಣೆ ಹುಡುಕುತ್ತಿರುತ್ತದೆ. ಸಂವಿಧಾನದ 371(ಜೆ) ವಿಧಿಯ ಮೀಸಲಾತಿಗೆ ಬೇಕಾದ ಪ್ರಮಾಣಪತ್ರವೂ ಹಾಗೆಯೇ. ಕಲ್ಯಾಣ ಕರ್ನಾಟಕದ ಮಗುವಿಗೆ ಆ ಮೀಸಲಾತಿಯಡಿ ಕಾಲೇಜಿನ ಸೀಟಿಗೂ ನೌಕರಿಗೂ ಅದು ಬೇಕು. ಊರು, ಜನನ, ಹಳೆಯ ಶಾಲೆ ಯಾವುದರ ದಾಖಲೆಯೂ ಇಲ್ಲದ ಮಗುವಿಗೆ ಅದನ್ನು ಮಾಡಿಸಿಕೊಡಲು ಯಾರಾದರೂ ಕಚೇರಿ ಅಲೆಯಲೇಬೇಕು.

ಹಾಗಾದರೆ ನಾವೇನು ಮಾಡಬಹುದು ಎಂದು ಕೇಳುವವರಿಗೆ ನನ್ನ ಕೋರಿಕೆ ಇಷ್ಟೇ. ಹುಟ್ಟುಹಬ್ಬದ ಕೇಕು, ಬ್ಯಾಗು ತರುವವರು ಇದ್ದಾರೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಅನುಮತಿ ಪಡೆದು ಜೂನ್‌ನಿಂದ ಪರೀಕ್ಷೆಯವರೆಗೆ ಅದೇ ಮಕ್ಕಳ ಪಕ್ಕದಲ್ಲಿ ಕೂರುವವರು ಬೇಕು. ಮಕ್ಕಳ ಫೋಟೊ ಹಂಚಬೇಡಿ, ಅವರ ಗುರುತು ಬಹಿರಂಗಪಡಿಸುವುದು ಅಪರಾಧ. ನಿಮ್ಮ ಓಣಿಯಲ್ಲಿ ಗಂಡನನ್ನು ಕಳೆದುಕೊಂಡು ಮಕ್ಕಳನ್ನು ಸಾಕಲಾಗದೆ ಒದ್ದಾಡುತ್ತಿರುವ ತಾಯಿ ಇದ್ದರೆ, ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವು ಇದೆ ಎಂದು ತಿಳಿಸಿ, ಅದೇ ಘಟಕಕ್ಕೆ ಆಕೆಯನ್ನು ಕರೆದೊಯ್ಯಿರಿ. ಆ ಮಗು ಮನೆಯಲ್ಲೇ ಉಳಿದು, ಈಗ ಓದುತ್ತಿರುವ ಶಾಲೆಯಲ್ಲೇ ಮುಂದುವರಿಯಬಹುದು.